ಲಗ್ನಪತ್ರಿಕೆ ಇಲ್ಲದ ಗಿರಾಕಿ

ಭಾಗ್ಯ ನನ್ನ ಹತ್ತಿರ ಬಂದಿದ್ದಳು. ಬಂದಿರಲಿಲ್ಲ ಎಂದು ಅವಳ ತಾಯಿಗೆ ನಾನು ಹೇಳಿದ್ದು ಸುಳ್ಳು. ಅವಳು ಸತ್ತ ಮೇಲೆ ಹೇಳಿದ ಸುಳ್ಳು — ಎದುರು ಮಾತಾಡಲು ಅವಳಿಲ್ಲ ಎಂಬ ಧೈರ್ಯದಿಂದಲೇ ಹೇಳಿದ್ದು.

ನಾನು ರಾಯದುರ್ಗದಲ್ಲಿ ಜೀವವಿಮೆ ಏಜೆಂಟ್. ಬಸ್ ಸ್ಟ್ಯಾಂಡಿನ ಹತ್ತಿರ ಗೆಳೆಯನ ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಅದೇ ಆಫೀಸು. ನನ್ನ ಕಸುಬು ನಡೆಯುತ್ತಿದ್ದದ್ದು ಲಗ್ನಪತ್ರಿಕೆಗಳ ಮೇಲೆ. ಪ್ರಿಂಟಿಂಗ್ ಪ್ರೆಸ್ಸಿನವನು ಪರಿಚಯದವನು. ಅಚ್ಚಾದ ಪ್ರತಿಯೊಂದು ಪತ್ರಿಕೆಯಲ್ಲೂ ನನಗೊಂದು ಪ್ರತಿ ತೆಗೆದಿಡುತ್ತಿದ್ದ. ಕರೆಯದ ಮದುವೆಗೂ ಹೋಗಿ, ಅಕ್ಷತೆ ಹಾಕಿ, ಉಂಡು, ಅರಿಶಿನ ಮಾಸುವ ಮೊದಲೇ ಮದುಮಗನ ಮನೆ ಬಾಗಿಲಲ್ಲಿ ನಿಲ್ಲುತ್ತಿದ್ದೆ. "ಇನ್ನ ಮ್ಯಾಲ ನೀವೊಬ್ರೇ ಅಲ್ಲರಿ" — ಇಷ್ಟು ಅಂದರೆ ಸಾಕು, ಹುಡುಗ ಸಹಿ ಹಾಕುತ್ತಿದ್ದ. ಇದನ್ನೇ ಹೇಳಿ ಹೇಳಿ, ಮದುವೆಯಾಗದವರೆಲ್ಲ ಒಬ್ಬಂಟಿಗಳೇ ಎಂದು ನಾನೇ ನಂಬಿಬಿಟ್ಟಿದ್ದೆ.

ಭಾಗ್ಯ ಮಡಕಶಿರದ ಕಡೆಯವಳು, ಗುಡಿಬಂಡೆ ಹತ್ತಿರದ ಹಳ್ಳಿ. ಇಲ್ಲಿ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಕೆಲಸ. ವಯಸ್ಸು ಮೂವತ್ತರ ಹತ್ತಿರ, ಮದುವೆಯಾಗಿರಲಿಲ್ಲ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ, ಬೆರಳಿಗೆ ಹತ್ತಿದ ನೀಲಿ ಬಣ್ಣ ಹಾಗೇ ಇರುವಂತೆ, ಬಂದು ನನ್ನ ಮೇಜಿನ ಮುಂದೆ ನಿಂತಳು. ತಾನಾಗಿ ಬಂದ ಗಿರಾಕಿ! ನಮ್ಮ ಕಸುಬಿನಲ್ಲಿ ಅಂಥವರು ಸಿಗುವುದೇ ಅಪರೂಪ. ಕಂತು ಕಡಿಮೆ, ಸತ್ತರೆ ಮಾತ್ರ ಹಣ — ಅಂಥದೊಂದು ಪಾಲಿಸಿ ಇದೆಯಂತಲ್ಲ, ಅದು ಬೇಕು ಎಂದಳು. ಅದರಲ್ಲಿ ನನಗೆ ಸಿಗುವ ಕಮಿಷನ್ ಅಷ್ಟಕ್ಕಷ್ಟೆ. ಅಂಗಡಿಯಲ್ಲಿ ನಾಲ್ಕಾರು ಜನ ಚಹಾ ಕುಡಿಯುತ್ತ ಕೂತಿದ್ದರು. ಕೇಳುವವರಿದ್ದರೆ ನನ್ನ ನಾಲಿಗೆಗೆ ಕಡಿವಾಣವಿರುವುದಿಲ್ಲ.

"ಮೊದ್ಲು ಲಗ್ನಪತ್ರಿಕಿ ತರ್ರಿ, ಆಮ್ಯಾಗ ಪಾಲಿಸಿ ಮಾಡೋಣ. ಗಂಡ ಇಲ್ಲ, ಮಕ್ಕಳಿಲ್ಲ — ಸತ್ತ ಮ್ಯಾಲ ಆ ರೊಕ್ಕ ಯಾರು ತಿನ್ಬೇಕು?"

ಎಲ್ಲರೂ ನಕ್ಕರು. ಅವಳೂ ನಕ್ಕಂತೆ ಮಾಡಿದಳು. ಆಮೇಲೆ ನೆಲ ನೋಡುತ್ತ, "ನಮ್ಮಮ್ಮ ಐತಲ್ಲ ಸಾರ್. ಅದಕ್ಕೆ ಇರೋದು ನಾನೊಬ್ಳೇ," ಎಂದಳು. ಅದು ನನಗೆ ಕೇಳಿಸಲಿಲ್ಲ ಎಂದು ಇಲ್ಲಿ ಬರೆದುಬಿಡಬಹುದು — ಇಲ್ಲ, ಕೇಳಿಸಿತು. "ಮದುವಿ ಆಗ್ರಿ, ನಾನೇ ಮನೀಗೆ ಬರ್ತೀನಿ," ಎಂದೆ. ಮತ್ತೆ ನಗು. ಕೈಯಲ್ಲಿದ್ದ ಆಧಾರ್ ನಕಲನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಅವಳು ಹೊರಟುಹೋದಳು.

ಮುಂದಿನ ಯುಗಾದಿಗೆ ಊರಿಗೆ ಹೋದವಳು, ಮಡಕಶಿರದಿಂದ ಹಳ್ಳಿಗೆ ಹೊರಟ ಆಟೋ ಮಗುಚಿ ತೀರಿಕೊಂಡಳು. ಯೂನಿಟ್ಟಿನ ಹೆಣ್ಣುಮಕ್ಕಳು ಅಳುತ್ತ ಬಸ್ಸು ಹತ್ತುವುದನ್ನು ನನ್ನ ಮೇಜಿನಿಂದಲೇ ನೋಡಿದೆ. ನಾನು ಹೋಗಲಿಲ್ಲ. ಕರೆಯದ ಮದುವೆಗಳಿಗೆ ಹೋಗುತ್ತಿದ್ದವನು...

ಕೆಲವು ವಾರಗಳ ಮೇಲೆ ಅವಳ ತಾಯಿ ಹನುಮಕ್ಕ ಬಂದರು. ಮಗಳ ಬಾಡಿಗೆ ಕೋಣೆಯಿಂದ ಬಟ್ಟೆಬರೆ ಕಟ್ಟಿಕೊಂಡು, ಗಂಟನ್ನು ಕಂಕುಳಲ್ಲಿಟ್ಟುಕೊಂಡೇ ಕೇಳಿದರು: "ಏಜೆಂಟ್ ಸಾರ್ ತಾವ ಹೋಗ್ಬಂದೆ ಕಣಮ್ಮ ಅಂತ ಭಾಗ್ಯ ಫೋನಾಗೆ ಹೇಳಿತ್ತು. ಬಂದಿತ್ತಾ ಸಾರ್?"

ಹೋಗಿದ್ದನ್ನು ತಾಯಿಗೆ ಹೇಳಿದ್ದಳು, ನಗೆಪಾಟಲಾದದ್ದನ್ನು ಹೇಳಿರಲಿಲ್ಲ. ಮದುವೆಯ ಮಾತು ತಾಯಿಗೆ ಚುಚ್ಚೀತು ಎಂದು ನುಂಗಿಕೊಂಡಿರಬೇಕು. ಬಂದಿದ್ದಳು ಎಂದರೆ ಮುಂದಿನ ಪ್ರಶ್ನೆ ಬರುತ್ತದೆ — ಮತ್ತೆ ಯಾಕೆ ಪಾಲಿಸಿ ಮಾಡಲಿಲ್ಲ? ಅವತ್ತು ನಕ್ಕವರಲ್ಲಿ ಇಬ್ಬರು ಅಲ್ಲೇ ಕೂತಿದ್ದರು.

"ಇಲ್ಲಮ್ಮ. ನನ್ನ ಹತ್ರ ಬಂದಿಲ್ಲರಿ."

"ಹಂಗಾರೆ ನನ್ಗೆ ಸುಳ್ಳು ಹೇಳ್ತು," ಎಂದು ಹನುಮಕ್ಕ ಗಂಟನ್ನು ಇನ್ನಷ್ಟು ಅವುಚಿಕೊಂಡು ಬಸ್ಸಿನ ಕಡೆ ನಡೆದರು. ಆ ಇಬ್ಬರೂ ಚಹಾ ಲೋಟದ ಕಡೆ ತಲೆ ಬಗ್ಗಿಸಿದರು.

ಆರು ವರ್ಷ ಸುಮ್ಮನಿದ್ದೆ. ಈಚೆಗೆ ನನ್ನ ಅಕ್ಕನ ಮಗ, ಮದುವೆಯಾಗದವನು, ಕೇಳಿದ: "ಮಾವ, ನನಗ ಪಾಲಿಸಿ ಬೇಕೇನು?" ಅವನ ಅಪ್ಪನಿಗೆ ಪಿಂಚಣಿ ಬರುತ್ತದೆ, ತಲೆಯ ಮೇಲೆ ಸಾಲವಿಲ್ಲ, ಅವನ ಸಂಬಳ ಅವನ ಶೋಕಿಗೇ ಸರಿಹೋಗುತ್ತದೆ. ಸದ್ಯಕ್ಕೆ ಬೇಡ ಎಂದೆ, ಪ್ರಾಮಾಣಿಕವಾಗಿಯೇ. "ಮತ್ತ ಯಾವ ಲಗ್ನ ಆಗದವ್ರಿಗೆ ಬೇಕಾಗತದ?" ಎಂದ. ಯಾರಿಲ್ಲದಿದ್ದರೆ ಇನ್ನೊಬ್ಬರ ಒಲೆ ಹೊತ್ತುವುದಿಲ್ಲವೋ ಅವರಿಗೆ — ಎಂದೆ. ಇಷ್ಟು ಸರಳ ಮಾತನ್ನು ಭಾಗ್ಯ ಅಂದೇ ನನಗೆ ಹೇಳಿದ್ದಳು. ಅದು ಕೇಳಿಸಿಯೂ ನಾನು ಹಲ್ಲು ಕಿರಿದಿದ್ದೆ.

ಆ ವಾರವೇ ಮಡಕಶಿರಕ್ಕೆ ಹೋದೆ. ಅಲ್ಲಿಂದ ಆಟೋ. ಹನುಮಕ್ಕ ಮನೆಯ ಮುಂದೆ ಕೂತು ರೇಷ್ಮೆಹುಳುವಿಗೆ ಹಾಕುವ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದರು. ಅದು ಬೇರೆಯವರ ಹುಳು, ಇವರದು ಕೂಲಿ. ಈ ವಯಸ್ಸಿನಲ್ಲಿ. ನಿಂತೇ ಎಲ್ಲ ಹೇಳಿದೆ — ಲಗ್ನಪತ್ರಿಕೆಯ ಮಾತು, ಜನ ನಕ್ಕದ್ದು, ಆಮೇಲೆ ನಾನಂದ "ಬಂದಿಲ್ಲರಿ". ನನ್ನ ಕೈಲಾದ ಹಣ ತಂದಿದ್ದೆ. ಜೇಬಿನಿಂದ ತೆಗೆಯಲು ನಾಚಿಕೆಯಾಯಿತು.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. "ಫೋಟೋಕ್ಕೆ ಹೂವ ಇಡೋವಾಗೆಲ್ಲ ಅದ್ನ ಬೈತಿದ್ದೆ ಸಾರ್," ಎಂದರು. "ಸಾಯೋ ಮುಂಚೆ ನನ್ಗೆ ಯಾಕೆ ಸುಳ್ಳು ಹೇಳ್ದೆ ಅಂತ. ಈಗ ಅದಕ್ಕೆ ನಾನೇನು ಹೇಳ್ಲಿ? ನೀವೇ ಒಳಗೋಗಿ ಅದಕ್ಕೆ ಹೇಳಿ."

ಒಳಗೆ ಗೋಡೆಯ ಮೇಲೆ ಅವಳ ಫೋಟೋ ಇತ್ತು, ಅವತ್ತು ಬೆಳಿಗ್ಗೆ ಇಟ್ಟ ಕನಕಾಂಬರ ಮುಡಿದು. ಅದರ ಮುಂದೆ ನಿಂತೆ. ಮೆಲ್ಲನೆ, "ನೀವು ಬಂದಿದ್ರಿ, ಭಾಗ್ಯ. ಇಲ್ಲ ಅಂದಿದ್ದು ನನ್ನ ಸುಳ್ಳು," ಎಂದೆ.

"ಕೇಳಿಸ್ಲಿಲ್ಲ ಸಾರ್," ಎಂದರು ಹನುಮಕ್ಕ ಹೊರಗಿನಿಂದ. "ಗಟ್ಟಿಯಾಗಿ ಹೇಳಿ."

ಅಕ್ಕಪಕ್ಕದ ಮನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.