ಸತ್ತ ಕುರಿಗೆ ಕಾವಲು ಕೂತವನು

ಸತ್ತ ಕುರಿಗೆ ಕಾವಲು ಕೂತ ಮನುಷ್ಯನನ್ನು ನಾನು ಕಂಡಿದ್ದು ಒಬ್ಬನನ್ನೇ. ಮಾಡದಕೆರೆಯ ಪಶು ಆಸ್ಪತ್ರೆಗೆ ಲಸಿಕೆ ಹಾಕುವ ಕೆಲಸಕ್ಕೆ ಸೇರಿದ ಮೊದಲ ವಾರವೇ ಪಕ್ಕದ ಹಟ್ಟಿಯ ಕರಿಯಜ್ಜ ಹೇಳಿ ಕಳಿಸಿದ್ದ. ಹೋಗಿ ನೋಡಿದರೆ, ಉರಿಬಿಸಿಲಲ್ಲಿ ಕಂಬಳಿ ಹೊದ್ದು, ಕೋಲು ಹಿಡಿದು, ಹೊಟ್ಟೆಯುಬ್ಬಿದ ಕುರಿಯ ಪಕ್ಕ ಬೆಳಗಿನಿಂದ ಕೂತಿದ್ದಾನೆ. ನಾಯಿ ಬಂದರೂ ಬೈಗುಳ, ಮನುಷ್ಯರು ಬಂದರೂ ಬೈಗುಳ. ತಡವಾಗಿ ಹೋಗಿದ್ದಕ್ಕೆ ನನಗೂ ಬಿತ್ತು.

ಅವನ ಹೆದರಿಕೆಯೆಲ್ಲ ನೆರಡಿ, ಅಂದರೆ ಆಂಥ್ರಾಕ್ಸ್ ರೋಗದ್ದು. ಈ ರೋಗ ಬಡಿದ ಕುರಿ ನಿಂತಲ್ಲೇ ಬಿದ್ದು ಸಾಯುತ್ತದೆ, ಮೂಗಿನಿಂದ ಕಪ್ಪು ರಕ್ತ ಇಳಿಯುತ್ತದೆ. ಕೊಯ್ದರೆ ರೋಗಾಣು ಗಾಳಿಗೆ ಬಂದು, ಗಟ್ಟಿ ಚಿಪ್ಪು ಕಟ್ಟಿಕೊಂಡು, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ಕೊಯ್ಯದೆ, ಆಳವಾಗಿ ಹೂತು ಸುಣ್ಣ ಸುರಿಯಬೇಕು. ನಾನು ಇದನ್ನು ಪುಸ್ತಕದಲ್ಲಿ ಓದಿದ್ದೆ. ಅವನ ಹೆಂಡತಿ ಹೊನ್ನಮ್ಮ ಅಂಥದೇ ಕುರಿಯ ಚರ್ಮ ಸುಲಿದಿದ್ದಳಂತೆ. ಮಣಿಕಟ್ಟಿನ ಮೇಲೆ ಗುಳ್ಳೆಯೆದ್ದು, ಒಡೆದು, ಕಪ್ಪು ಹಕ್ಕಳೆ ಕಟ್ಟಿತು. ಅರಿಶಿನ ಹಚ್ಚಿ ಸುಮ್ಮನಾದರು. ಜ್ವರ ಏರಿ ಚಿತ್ರದುರ್ಗಕ್ಕೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ನೋಯ್ತಿದ್ರೆ ಬ್ಯಾಗ ಹೋಗ್ತಿದ್ವಿ ಕಣವ್ವ. ಒಂಚೂರೂ ನೋಯ್ತಿರ್ಲಿಲ್ಲ ಅದು,” ಅನ್ನುತ್ತಿದ್ದ.

ಆ ಹಟ್ಟಿಯಲ್ಲಿ ಕುರಿ ಕೊಯ್ದರೆ ಮಾಂಸವನ್ನು ಮನೆಗೊಂದರಂತೆ ಗುಡ್ಡೆ ಹಾಕಿ ಹಂಚುತ್ತಾರೆ. ಗುಡ್ಡೆ ಬೀಳದ ಮನೆ ಹಟ್ಟಿಗೆ ಸೇರಿದ್ದಲ್ಲ. ಒಮ್ಮೆ ಅವನ ತಮ್ಮನ ಟಗರು ಇದ್ದಕ್ಕಿದ್ದಂತೆ ಸತ್ತಿತು. ಕರಿಯಜ್ಜ ಓಡಿ ಬರುವಷ್ಟರಲ್ಲಿ ಹನ್ನೊಂದು ಗುಡ್ಡೆ ಬಿದ್ದಿದ್ದವು. ಈ ಪುಣ್ಯಾತ್ಮ ಅಷ್ಟರ ಮೇಲೂ ಡೀಸೆಲ್ ಸುರಿದುಬಿಟ್ಟ. ಹೊಡೆದಾಟ ಆಗದಿದ್ದದ್ದು ದೊಡ್ಡದು. ನಾನು ಟಗರಿನ ಕಿವಿಯ ರಕ್ತವನ್ನು ಗಾಜಿನ ಪಟ್ಟಿಗೆ ಸವರಿ ಪರೀಕ್ಷೆಗೆ ಕಳಿಸಿದೆ. ನೆರಡಿಯಾಗಿದ್ದರೆ ನೇರಳೆ ಬಣ್ಣದ ಕಡ್ಡಿಗಳಂಥ ರೋಗಾಣು ಸಾಲಾಗಿ ಕಾಣಬೇಕಿತ್ತು. ಕಾಣಲಿಲ್ಲ. ವರದಿ ಹಿಡಿದು ಹೋಗಿ, ಎಲ್ಲರೆದುರೇ ರೋಗವಿಲ್ಲ ಎಂದು ಓದಿ ಹೇಳಿದೆ.

“ಇಲ್ವಾ? ಒಳ್ಳೇದಾತು ಬಿಡವ್ವ,” ಎಂದು ಕರಿಯಜ್ಜ ನಕ್ಕ. ತಮ್ಮ ನಗಲಿಲ್ಲ.

ಅವತ್ತಿನಿಂದ ಅವನ ಮನೆಗೆ ಗುಡ್ಡೆ ಬೀಳಲಿಲ್ಲ, ಹಬ್ಬಕ್ಕೂ ಇಲ್ಲ, ಮದುವೆಗೂ ಇಲ್ಲ. ಮಾತೂ ನಿಂತಿತು. ವಾರಕ್ಕೆರಡು ಸಲ ಆಸ್ಪತ್ರೆಗೆ ಬಂದು ಬೆಂಚಿನ ಮೇಲೆ ಕೂತು ಹೋಗುತ್ತಿದ್ದ. ಕುರಿಗಳೆಲ್ಲ ಚೆನ್ನಾಗಿಯೇ ಇರುತ್ತಿದ್ದವು. ನಾನೊಬ್ಬಳು ದಡ್ಡಿ, ಪ್ರತಿ ಸಲವೂ ಯಾವ ಔಷಧಿ ಬೇಕಜ್ಜ ಎಂದು ಕೇಳುತ್ತಿದ್ದೆ.

ನನಗೆ ಹೊಳಲ್ಕೆರೆಗೆ ವರ್ಗವಾದಾಗ ಬಸ್ಸಿನ ತನಕ ಚೀಲ ಹೊತ್ತು ತಂದ. ಬಸ್ಸು ಬಂದ ಮೇಲೆ ಮೆತ್ತಗೆ ಕೇಳಿದ.

“ಅವತ್ತು ರೋಗ ಐತೆ ಅಂತ ಒಂದ್ ಸುಳ್ ಹೇಳ್ಬೋದಿತ್ತಲ್ಲವ್ವ ನೀನು?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಚೀಲ ಇಸಿದುಕೊಂಡು ಬಸ್ಸು ಹತ್ತಿದೆ.

ಮೂರು ತಿಂಗಳಿಗೆ ಅವನು ತೀರಿಕೊಂಡ ಸುದ್ದಿ ಬಂತು. ಮಲಗಿದ್ದಲ್ಲೇ ಹೋಗಿದ್ದನಂತೆ. ಹಟ್ಟಿಯವರಿಗೆ ಗೊತ್ತಾಗಿದ್ದು ಎರಡನೆಯ ದಿನ, ರೊಪ್ಪದಲ್ಲಿ ಕೂಡಿಹಾಕಿದ್ದ ಕುರಿಗಳು ಹಸಿದು ಒದರತೊಡಗಿದ ಮೇಲೆ.