ಐತಪ್ಪನ ಮೂರನೇ ನಂಬರು

ಐತಪ್ಪನಷ್ಟು ಚೆಂದ ಕಾರು ಓಡಿಸುವವ ಇಡೀ ಮದ್ರಾಸಲ್ಲಿಲ್ಲ ಅಂತ ಹನ್ನೆರಡು ವರ್ಷ ಹೊಗಳಿದ್ದು ನಮ್ಮ ಯಜಮಾನರು ಹರಿದಾಸರೇ. "ಅವನಿಗೆ ವಯಸ್ಸಾಯ್ತು, ಊರಿಗೆ ಕಳಿಸುವ" ಅಂದದ್ದೂ ಅವರೇ. ಬಾಯಿ ಒಂದೇ ನೋಡಿ!

ಐತಪ್ಪ ಪುತ್ತೂರಿನ ಕಡೆಯವ. ಎಗ್ಮೋರಿನ ನಮ್ಮ ಹೋಟೆಲಿಗೆ ಹಿಟ್ಟು ರುಬ್ಬಲಿಕ್ಕೆ ಬಂದವ, ತರಕಾರಿ ವ್ಯಾನು ಓಡಿಸುತ್ತಾ ನಮ್ಮ ಮನೆಯ ಡ್ರೈವರಾದ. ಆರಡಿ ಆಳು. ಯಜಮಾನರು ಐದಡಿ ಎರಡಿಂಚು. ಹೆಂಡತಿಯೇ ಹೇಳಿದಳು ಅಂತ ಎಲ್ಲೂ ಹೇಳಬೇಡಿ.

ಎರಡು ಸಾವಿರದ ಏಳರಲ್ಲಿ ಹೊಸ ಕಾರು ಬಂತು. ಡ್ರೈವರ್ ಬಾಗಿಲಲ್ಲಿ ಒಂದು, ಎರಡು, ಮೂರು ಅಂತ ಗುಂಡಿಗಳು. ಒತ್ತಿದರೆ ಸೀಟು, ಕನ್ನಡಿ ಎಲ್ಲ ಆಯಾ ಮನುಷ್ಯನ ಅಳತೆಗೆ ತಾನಾಗಿ ಸರಿಯುತ್ತವೆ. ಶೋರೂಮಿನವರು ಒಂದನ್ನು ಯಜಮಾನರಿಗೆ, ಎರಡನ್ನು ಮಗ ಅಜಯನಿಗೆ ಹೊಂದಿಸಿ ಕೊಟ್ಟರು. ಮೂರು ಖಾಲಿ. ಯಜಮಾನರು ಓಡಿಸುವುದು ಭಾನುವಾರ ಮಾತ್ರ, ಅದೂ ಬೀಚಿನವರೆಗೆ.

ಆಮೇಲೆ ಐತಪ್ಪನಿಗೆ ಎಂಥದೋ ಆಯ್ತು. ವೇಲಚೇರಿಯಲ್ಲಿ ಕಾರನ್ನು ಗೋಡೆಗೆ ಸವರಿದ. ಮುಂದಿನ ವಾರ ಕಂಬಕ್ಕೆ. ಇಳಿದ ಮೇಲೆ ಮಂಡಿ ಹಿಡಿದು ನಿಲ್ಲುತ್ತಿದ್ದ. ಕೇಳಿದರೆ, "ಏನಿಲ್ಲ ರತ್ನಕ್ಕ, ವಾಯು." ಯಜಮಾನರು ಭಾನುವಾರದ ಬಸ್ಸಿಗೆ ಅವನ ಟಿಕೆಟು ಮಾಡಿಸಿಯೇ ಬಿಟ್ಟರು. ಐತಪ್ಪ ಟಿಕೆಟನ್ನು ಮಡಚಿ ಜೇಬಿಗೆ ಹಾಕಿಕೊಂಡ. ನನಗೆ ಮಾತ್ರ ಊಟ ಸೇರಲಿಲ್ಲ. ಯಜಮಾನರಿಗೆ ತುಳು ಬರುವುದಿಲ್ಲ, ಅವನು ಹೋದರೆ ನನ್ನ ಹತ್ತಿರ ತುಳು ಮಾತಾಡಲಿಕ್ಕೆ ಯಾರಿದ್ದಾರೆ?

ಶನಿವಾರ ಮೂವರೂ ಬೆಸೆಂಟ್ ನಗರದ ದೇವಸ್ಥಾನಕ್ಕೆ ಹೊರಟೆವು. ಕೊನೇ ಸಲ ಅಂತ ನಾನು ಮುಂದೆ ಅವನ ಪಕ್ಕ ಕೂತೆ, ಯಜಮಾನರು ಹಿಂದೆ. ಐತಪ್ಪ ಹತ್ತಿದವನೇ ಒಂದನೇ ಗುಂಡಿ ಒತ್ತಿದ. ಹಿಂದಿನ ರಾತ್ರಿ ಅಜಯ ಓಡಿಸಿ ಹಿಂದಕ್ಕೆ ಬಿಟ್ಟಿದ್ದ ಸೀಟು ಗರ್ರೆಂದು ಮುಂದೆ ಹೋಗಿ ಮಂಡಿ ಸ್ಟೀರಿಂಗಿಗೆ ತಾಗಿತು. ಬದಿಯ ಕನ್ನಡಿಯಲ್ಲಿ ಅವನಿಗೆ ಕಾಣುವುದು ಹಿಂದಿನ ಚಕ್ರ ಮಾತ್ರವಂತೆ!

"ಎಂಥ ಮಾರಾಯ ಇದು! ದಿನಾ ಹೀಗೇ ಕೂರುವುದಾ? ಹಿಂದೆ ಮಾಡ್ಲಿಕ್ಕೆ ಆಗುದಿಲ್ವಾ?"

"ಧಣಿಗಳ ಸೀಟಲ್ವಾ ಅಕ್ಕ. ಅವರ ನಂಬರು ಹಾಕದೆ ಹೊರಡುವುದಾ? ಗಲ್ಲಾ ಕುರ್ಚಿಯನ್ನು ನಾವು ಅಲ್ಲಾಡಿಸ್ತೇವಾ?"

ನಮ್ಮ ಹೋಟೆಲಿನ ಕಟ್ಟಳೆ ಅದು. ಗಲ್ಲಾದಲ್ಲಿ ಧಣಿ ಕೂರುವ ಕುರ್ಚಿಯಲ್ಲಿ ಬೇರೆಯವರು ಕೂರುವುದಿಲ್ಲ. ಕಸ ಗುಡಿಸುವಾಗಲೂ ಅದನ್ನು ಸರಿಸುವುದಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

"ಕೇಳಿಸ್ತಾ? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಇವನು ಮಂಡಿಯನ್ನೇ ಕೊಟ್ಟ. ನೀವು ಟಿಕೆಟು ಕೊಟ್ರಿ!"

ಯಜಮಾನರ ಮುಖ ಇಷ್ಟಾಯಿತು. ಇಳಿದು ಬಂದು, ಸೀಟನ್ನು ತಾವೇ ಹಿಂದಕ್ಕೆ ಸರಿಸಿ, ಕನ್ನಡಿ ಹೊಂದಿಸಿ, ಮೂರನೇ ನಂಬರಿಗೆ ಹಾಕಿದರು. "ಇದು ನಿನ್ನದು. ಬಸ್ಸೂ ಇಲ್ಲ, ಗಿಸ್ಸೂ ಇಲ್ಲ."

ಐತಪ್ಪ ಕಾಲು ಚಾಚಿ ಕನ್ನಡಿ ನೋಡಿದ. "ರತ್ನಕ್ಕ, ಹಿಂದೆ ರಸ್ತೆ ಉಂಟು!" ಅಂತ ನಕ್ಕ. ಕಣ್ಣು ಒದ್ದೆಯಾಗಿತ್ತು.

ಮರುದಿನ ಭಾನುವಾರ. ಯಜಮಾನರು ಬೀಚಿಗೆ ಅಂತ ಬಾಗಿಲು ತೆರೆದರು. ಸೀಟು ಐತಪ್ಪನ ಅಳತೆಯಲ್ಲೇ ಇತ್ತು. ಒಂದು ಒತ್ತಿದರೆ ಮುಗಿಯಿತು. ಒತ್ತಲಿಲ್ಲ. ಸುತ್ತಿ ಬಂದು ಪಕ್ಕದ ಸೀಟಲ್ಲಿ ಕೂತು ಕೂಗಿದರು:

"ಐತಪ್ಪಾ, ಬಾ ಮಾರಾಯ. ನಿನ್ನ ಸೀಟನ್ನು ನಾನು ಹೇಗೆ ಅಲ್ಲಾಡಿಸುವುದು?"