ಸುವರ್ಣಕ್ಕನ ನಿದ್ದೆ

ಸುವರ್ಣಕ್ಕ ಎಲ್ಲಿ ಕುಳಿತರೂ ನಿದ್ದೆ ಮಾಡಬಲ್ಲವಳು. ಸೇಡಂನ ಆಸ್ಪತ್ರೆಯಲ್ಲಿ ನಾವಿಬ್ಬರೂ ನರ್ಸುಗಳು. ಹೊರಗೆ ಮಕ್ಕಳ ಅಳು, ಚೀಟಿಗಾಗಿ ನೂಕುನುಗ್ಗಲು. ಅವಳು ಮಾತ್ರ ಊಟ ಮುಗಿಸಿ, ಔಷಧಿ ಕೋಣೆಯ ಸ್ಟೂಲಿನ ಮೇಲೆ ಗೋಡೆಗೊರಗಿ ಕಣ್ಣು ಮುಚ್ಚಿದರೆ ಮುಗಿಯಿತು. ಸ್ವಲ್ಪ ಹೊತ್ತಿಗೇ ಎದ್ದು ಮುಖ ತೊಳೆದು, ಆಗಷ್ಟೇ ಬೆಳಗಾದವಳಂತೆ ವಾರ್ಡಿಗೆ ಹೋಗುತ್ತಿದ್ದಳು. ನನಗೋ ಮನೆಯ ಹಾಸಿಗೆಯಲ್ಲೂ ಕಣ್ಣು ಹತ್ತುತ್ತಿರಲಿಲ್ಲ. ಒಡವೆ, ಸೀರೆಗೆ ಹೊಟ್ಟೆಕಿಚ್ಚು ಪಡುವವರನ್ನು ಕಂಡಿದ್ದೇನೆ. ನಾನು ಅವಳ ನಿದ್ದೆಗೆ ಹೊಟ್ಟೆಕಿಚ್ಚು ಪಟ್ಟವಳು.

ಇಬ್ಬರೂ ಮಳಖೇಡದಿಂದ ಒಂದೇ ಬಸ್ಸಿಗೆ ಬರುತ್ತಿದ್ದೆವು. ಸಿಮೆಂಟ್ ಲಾರಿಗಳ ಹಿಂದೆ ಬಸ್ಸು ನಿಂತುಬಿಟ್ಟರೆ ನನಗೆ ಹಾಜರಿಯ ಚಿಂತೆ, ಅತ್ತೆಯ ಮಾತ್ರೆಯ ಚಿಂತೆ, ಮಗಳ ಡಬ್ಬಿಯ ಪಲ್ಯಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಚಿಂತೆ. ಅವಳದು ನನ್ನ ಹೆಗಲ ಮೇಲೆ ಗೊರಕೆ. ಒಮ್ಮೆ ಸಿಟ್ಟಿಗೆದ್ದು ಹೆಗಲು ಕೊಡವಿದೆ. "ಊರ್ ಬಂತೇನ?" ಎಂದು ಕಣ್ಣು ಬಿಟ್ಟಳು. ಇಲ್ಲವೆಂದೆ. ಮತ್ತೆ ಅದೇ ಹೆಗಲಿಗೆ ಒರಗಿದಳು.

"ನಿನಗೇನಕ್ಕಾ, ಚಿಂತಿ ಇಲ್ಲ, ಏನಿಲ್ಲ," ಎಂದೆ ಒಂದು ದಿನ, ತಡೆಯಲಾರದೆ.

"ಯಾರಂದ್ರು? ನಾನೂ ನಿನ್ನಂಗೇ ಇದ್ದೆ ರೇಖಾ. ಒಂದಿನ ಕಣ್ಣಿಗಿ ಕತ್ತಲಿ ಬಂದು ವಾರ್ಡಿನ್ಯಾಗೇ ಬಿದ್ದೆ. ಡಾಕ್ಟರ್ ಬಿಪಿ ನೋಡಿ ಬೈದ್ರು. ಅವತ್ತೇ ಮನಿಗಿ ಹೋಗಿ ಹೇಳಿದೆ, ಇನ್ನ ಮ್ಯಾಲ ಸಂಜಿಕ್ಕ ನಾ ರೊಟ್ಟಿ ಬಡಿಯಂಗಿಲ್ಲ, ಮಕ್ಕೋತೀನಿ ಅಂತ. ಅತ್ತಿ ಓಣಿ ತುಂಬಾ ಹೇಳ್ಕೋತ ತಿರುಗಿದ್ಳು. ಗಂಡ ಮಾತು ಬಿಟ್ಟಾ. ನಾ ನಿದ್ದಿ ಬಿಡ್ಲಿಲ್ಲ."

"ಆಮ್ಯಾಲ?"

"ಆಮ್ಯಾಲೇನು, ಗಂಡಗ ಹಸಿವಾತು. ಖಾನಾವಳಿಯಿಂದ ರೊಟ್ಟಿ ತಂದ. ಈಗ ದಿನಾ ಅವನೇ ತರ್ತಾನ."

ಹೊಟ್ಟೆಕಿಚ್ಚು ಇಮ್ಮಡಿಯಾಯಿತು. ನಿದ್ದೆ ಕೆಲವರಿಗೆ ಹುಟ್ಟಿನಿಂದ ಬರುತ್ತದೆಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಇವಳು ಜಗಳವಾಡಿ ಗಳಿಸಿದ್ದಳು. ಆ ಧೈರ್ಯ ನನಗಿರಲಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಇಂಜೆಕ್ಷನ್ ತುಂಬುವಾಗ ನನಗೂ ಕಣ್ಣಿಗೆ ಕತ್ತಲೆ ಬಂತು. ಸುವರ್ಣಕ್ಕ ಸಿರಿಂಜು ಕಸಿದುಕೊಂಡು, ನನ್ನ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ಎಷ್ಟೆಂದು ಹೇಳಲಿಲ್ಲ. ಡಾಕ್ಟರಿಗೆ ತೋರಿಸಿ, ಮಾತ್ರೆ ಕೊಡಿಸಿ, ನರ್ಸುಗಳ ಕೋಣೆಯಲ್ಲಿ ಮಲಗಿಸಿದಳು. ಫೋನನ್ನೂ ಕಿತ್ತುಕೊಂಡಳು. "ನಿನ್ನ ಡ್ಯೂಟಿ ನಾ ನೋಡ್ಕೋತೀನಿ. ಮನಿಗಿ ಹೋಗಬ್ಯಾಡ, ಅಲ್ಲಿ ನಿನ್ನ ಯಾರೂ ಮಕ್ಕೊಳ್ಳಾಕ ಬಿಡಂಗಿಲ್ಲ."

ಕಣ್ಣು ಹತ್ತುವಾಗ ಹೊರಗೆ ಅವಳ ದನಿ ಕೇಳಿಸಿತು. ಫೋನಿನಲ್ಲಿ ನನ್ನ ಗಂಡ. "ಮಕ್ಕೊಂಡಾಳ್ರಿ. ನಾ ಎಬ್ಬಿಸಂಗಿಲ್ಲ. ಸಂಜಿಕ್ಕ ರೊಟ್ಟಿ ಕೊಂಡು ತರ್ರಿ, ಆಮ್ಯಾಲ ಆಕಿನ್ನ ಕರ್ಕೊಂಡು ಹೋಗ್ರಿ."

ಎಚ್ಚರವಾದಾಗ ಗಂಡ ರೊಟ್ಟಿಯ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದರು. ದಾರಿಯುದ್ದಕ್ಕೂ, "ಆ ಸಿಸ್ಟರ್ ಎಷ್ಟು ಸಮಾಧಾನದ ಹೆಣ್ಮಗಳು ನೋಡು," ಎಂದು ಹೊಗಳಿದರು. ಜೀವ ಉಳಿಸಿದವಳನ್ನೇ ಅಂದು ಹೊಟ್ಟೆಕಿಚ್ಚಿಗೆ ಮನಸ್ಸಿನಲ್ಲಿ ಶಪಿಸಿದೆ. ಆದರೂ ಅಂದಿನಿಂದ ಸಂಜೆಯ ರೊಟ್ಟಿ ಹೊರಗಿನಿಂದ ಬರತೊಡಗಿತು. ಬಿಪಿಯೂ ಮೆಲ್ಲಗೆ ಹಿಡಿತಕ್ಕೆ ಬಂತು.

ಸುವರ್ಣಕ್ಕನಿಗೆ ಚಿಂಚೋಳಿಗೆ ವರ್ಗವಾಯಿತು. ಕಡೆಯ ಸಲ ನೋಡಿದ್ದು ಸೇಡಂನಲ್ಲೇ, ಒಂದು ತರಬೇತಿಗೆ ಬಂದಿದ್ದಾಗ. ಜೊತೆಯಲ್ಲಿ ಕಣ್ಣ ಕೆಳಗೆ ಕಪ್ಪಾದ ಹೊಸ ನರ್ಸೊಬ್ಬಳಿದ್ದಳು. "ಇಕಿ ಭಾರತಿ. ಭಾಳ ವಿಚಾರ ಮಾಡ್ತಾಳ, ನಿನ್ನಂಗೇ. ಇಕಿನ್ನ ಜರಾ ದಾರಿಗಿ ಹಚ್ಚಾಕತ್ತೀನಿ," ಎಂದು ನಕ್ಕಳು.

ಚಹಾಕ್ಕೆ ಹೋದೆವು. ಅಕ್ಕನ ಪಕ್ಕದ ಕುರ್ಚಿಯನ್ನು ನಾನು ಎಳೆಯುವಷ್ಟರಲ್ಲಿ ಆ ಹುಡುಗಿ ಅಲ್ಲಿ ಕುಳಿತುಬಿಟ್ಟಳು. ಅಕ್ಕ ತನ್ನ ಬಿಸ್ಕತ್ತನ್ನು ಮುರಿದು ಅವಳ ಕಪ್ಪಿನ ಬಸಿಯಲ್ಲಿಟ್ಟಳು. ನಾನು ಎದುರಿಗೆ ಕುಳಿತು, ಬಿಸಿ ಚಹಾವನ್ನು ಆರಲು ಬಿಡದೆ ಕುಡಿದೆ.